ಇಳಿಪಾಲು

ಪಾಲುಮನೆ, ಹುಬ್ಬಳ್ಳಿ
ಫೆಬ್ರವರಿ 30, 2214

ಪೂಜ್ಯ ಹಿರಿಯಜ್ಜಿ ಕ್ಯಾಪ್ಟನ್ ನೀಲಗಂಗಾ ಹಾವನೂರ ಅವರಿಗೆ, ನಿಮ್ಮ ಏಳನೆಯ ತಲೆಮಾರಿನ ಚಂಪಕಾಳ ನಮಸ್ಕಾರಗಳು. ತಾರೀಖು ನೋಡಿ ಗಾಬರಿಯಾಗಬೇಡಿ. ಫೆಬ್ರವರಿಗೆ ಅನ್ಯಾಯವಾಗಿದೆ ಎಂದು ನಾವು ತಿಂಗಳುಗಳಿಗೂ ಸಮಪಾಲು ಮಾಡಿದ್ದೇವೆ. ನನ್ನ ಮಾತು ವಿಚಿತ್ರವೆನಿಸಿದರೆ ಕ್ಷಮಿಸಿ. ಹೆತ್ತ ಹೊಟ್ಟೆಯ ಸಂಕಟ ಮಾತ್ರ ನಿಮ್ಮ ಕಾಲದ್ದೇ.

ನಿಮ್ಮ ಕಂಪನಿ ನಲವತ್ತೊಂದು ಕಿರಿಯ ಪೈಲಟ್‌ಗಳನ್ನು ಸಂಬಳವಿಲ್ಲದೆ ಮನೆಗೆ ಕಳಿಸಲು ಹೊರಟಾಗ, ನೀವು ಹಿರಿಯ ಪೈಲಟ್‌ಗಳೆಲ್ಲ ನಿಮ್ಮ ಸಂಬಳ ಕತ್ತರಿಸಿಕೊಂಡು ಅವರನ್ನು ಉಳಿಸಿದಿರಿ. ಹತ್ತು ಜನರ ಹುಲ್ಲುಕಡ್ಡಿ ಒಬ್ಬನ ತಲೆಹೊರೆ ಎಂದು ನೀವು ಅಂದು ಹೇಳಿದ್ದನ್ನು ನಮ್ಮ ಮಕ್ಕಳು ಎದ್ದು ನಿಂತು ಒಪ್ಪಿಸುತ್ತಾರೆ. ಒಳ್ಳೆಯ ಕೆಲಸವೇ, ಇಲ್ಲವೆನ್ನುವುದಿಲ್ಲ. ಆದರೆ ಆ ಒಪ್ಪಂದ ಎಂದಿಗೆ ಮುಗಿಯುತ್ತದೆ ಎಂದು ನೀವು ಬರೆಯಲಿಲ್ಲ, ಯಾರೂ ಕೇಳಲೂ ಇಲ್ಲ.

ಸಂಬಳದಲ್ಲಿ ಹಂಚಲು ಏನೂ ಉಳಿಯದಾಗ ನಿಮ್ಮ ಮೊಮ್ಮಕ್ಕಳು ಹಾರಾಟದ ತಾಸುಗಳನ್ನು ಹಂಚಿದರು. ಅವೂ ಸಾಲದಾದಾಗ ಅವರ ಮಕ್ಕಳು ಇಳಿಸುವುದನ್ನೇ ಹಂಚಿದರು. ವಿಮಾನವನ್ನು ನೆಲಕ್ಕೆ ಇಳಿಸುವ ಈ ಸರದಿಗೆ ಇಳಿಪಾಲು ಎನ್ನುತ್ತೇವೆ. ಒಬ್ಬರಿಗೆ ವರ್ಷಕ್ಕೆ ಒಂದು. ಮೊನ್ನೆಯವರೆಗೆ ಇದ್ದದ್ದು ಎರಡು ವಿಮಾನ, ಆರುನೂರು ಪೈಲಟ್‌ಗಳು. ಯಾರನ್ನೂ ಮನೆಗೆ ಕಳಿಸಿಲ್ಲ. ನೆಲದ ಮೇಲೆಯೇ ಹಾರಾಟ ಕಲಿಸುವ ಯಂತ್ರದಲ್ಲಿ ಕೂರುವುದಕ್ಕೂ ಪಾಲುಂಟು. ತನ್ನ ಪಾಲಿಗಿಂತ ಹೆಚ್ಚು ಇಳಿಸಿದವನು ತಟ್ಟೆಗಳ್ಳ, ಅವನ ಮನೆಯ ನೀರನ್ನೂ ನಾವು ಮುಟ್ಟುವುದಿಲ್ಲ.

ಸರದಿ ಬರೆಯುವವಳು ನಾನೇ. ನನ್ನ ಮಗಳು ಶಾಲ್ಮಲಿ ಹೋದ ತಿಂಗಳು ಬಂದು, ಅವ್ವಾ, ಕೈ ಮರತೈತಿ, ಯಂತ್ರದಾಗ ಇನ್ನೊಂದು ತಾಸು ಕೊಡಸು ಎಂದಳು. ಇನ್ನೊಬ್ಬರ ಅನ್ನಕ್ಕೆ ಕೈ ಹಾಕಬೇಡ ಎಂದು ಬೈದು ಕಳಿಸಿದೆ. ಮೊನ್ನೆ ಮಂಗಳವಾರ ಅವಳ ಸರದಿ ಬಂತು, ಜೊತೆಗೆ ಅಡ್ಡಗಾಳಿಯೂ ಬಂತು. ಪಕ್ಕದಲ್ಲಿ ಕೂತಿದ್ದ ಭರಮಗೌಡರು ಹೊರದೇಶದಲ್ಲಿ ಹಾರಿ ಬಂದ ಹಿರಿಯರು, ಎಂಥ ಗಾಳಿಯನ್ನೂ ಬಲ್ಲವರು. ಆದರೆ ಈ ವರ್ಷದ ತಮ್ಮ ಇಳಿಪಾಲು ಮುಗಿಸಿದ್ದರು. ಇಬ್ಬರ ಮಾತೂ ವಿಮಾನದ ಧ್ವನಿಮುದ್ರಣ ಪೆಟ್ಟಿಗೆಯಲ್ಲಿ ಉಳಿದಿದೆ. ಕಾಕಾ, ನನ್ನ ಕಡಿಂದ ಆಗವಲ್ದು, ನೀವು ತಗೋರಿ ಎಂದು ಅವಳು ಮೂರು ಸಲ ಬೇಡಿದಳು. ಇದು ನಿನ್ನ ಪಾಲವ್ವಾ, ನಾ ಹೆಂಗ ಕಸಗೊಳ್ಳಲಿ ಎಂದು ಅವರು ಪ್ರೀತಿಯಿಂದಲೇ ಹೇಳಿದರು. ಕೊನೆಯವರೆಗೂ ಚುಕ್ಕಾಣಿ ಮುಟ್ಟಲಿಲ್ಲ. ವಿಮಾನದಲ್ಲಿ ಎಂಬತ್ತು ಜನರಿದ್ದರು, ಒಬ್ಬರೂ ಉಳಿಯಲಿಲ್ಲ.

ಭರಮಗೌಡರ ಹೆಸರನ್ನು ಒಂದು ಶಾಲೆಗೆ ಇಟ್ಟಿದ್ದಾರೆ. ತಪ್ಪನ್ನು ಆರುನೂರು ಜನರಿಗೆ ಹಂಚಿದರು, ಯಾರ ಪಾಲಿಗೂ ಗುಂಜಿಯಷ್ಟೂ ಬರಲಿಲ್ಲ. ಶೋಕವನ್ನೂ ಹಂಚುತ್ತೇವೆ. ಅವಳ ಮುಖ ಕಾಣದವರೂ ಬಂದು ತಮ್ಮ ಪಾಲಿನದು ಅತ್ತು ಹೋದರು. ಹೆತ್ತವಳಿಗೂ ಅಷ್ಟೇ, ಒಂದು ತಾಸು. ಹೆಚ್ಚು ಅತ್ತರೆ ನಾನೂ ತಟ್ಟೆಗಳ್ಳಿ. ಆ ತಾಸನ್ನು ಈ ಕಾಗದಕ್ಕೆ ಕೊಟ್ಟೆ, ಅಳುವುದು ಹಾಗೇ ಉಳಿಯಿತು.

ಅಜ್ಜೀ, ಆ ನಲವತ್ತೊಂದು ಜನರನ್ನು ಉಳಿಸಿ. ಬೇಡವೆನ್ನುವಷ್ಟು ಕಲ್ಲೆದೆ ನನಗಿಲ್ಲ. ಆ ಒಪ್ಪಂದದ ಕೆಳಗೆ ಒಂದು ಕೊನೆಯ ದಿನ ಮಾತ್ರ ಬರೆಯಿರಿ, ನಿಮ್ಮ ಕಾಲು ಹಿಡಿಯುತ್ತೇನೆ. ಇನ್ನು ಏಳಬೇಕು. ಬಾಗಿಲ ಹೊರಗೆ ಆಗಲೇ ಸಾಲು ನಿಂತಿದೆ. ಶಾಲ್ಮಲಿಯ ಮುಂದಿನ ವರ್ಷದ ಇಳಿಪಾಲು ಖಾಲಿ ಬಿದ್ದಿದೆಯಲ್ಲ, ಅದನ್ನು ನಾನೇ ಹಂಚಿಕೊಡಬೇಕು.

ಚಂಪಕಾ