ಎಡಗೆನ್ನೆಯ ಅರಿಶಿನ

ಗಾಳಿಶಕೆ ನೂರ ಹದಿನೆಂಟು, ಆಷಾಢದ ನಲವತ್ತೊಂದನೆಯ ದಿನ
ರೆಕ್ಕೆಪುರ, ದುರ್ಗದ ಸೀಮೆ

ಮುಖದ ಒಂದು ಪಕ್ಕವನ್ನು ಸೆರಗಿನಿಂದಲೋ ಮಫ್ಲರಿನಿಂದಲೋ ಮುಚ್ಚಿಕೊಂಡು ಇದನ್ನು ಓದುತ್ತಿರುವವರಿಗೆ ತಿಪ್ಪೇರುದ್ರಮ್ಮ ಮಾಡುವ ನಮಸ್ಕಾರಗಳು.

ತಾರೀಖು ನೋಡಿ ಗಾಬರಿಯಾಗಬೇಡಿ. ನಿಮ್ಮ ಆಷಾಢ ಒಂದು ತಿಂಗಳಿಗೇ ಮುಗಿಯುತ್ತಿತ್ತಂತೆ. ನಮ್ಮದು ಗಾಳಿ ನಿಂತ ಮೇಲೆ ಮುಗಿಯುತ್ತದೆ, ಅಲ್ಲಿಯ ತನಕ ದಿನ ಎಣಿಸುತ್ತಾ ಹೋಗುತ್ತೇವೆ. ನಿಮಗೂ ನಮಗೂ ನಡುವೆ ಆರೇಳು ತಲೆಮಾರು ಆಗಿರಬಹುದು. ನನ್ನ ಮಾತಿನಲ್ಲಿ ನೀವು ಕೇಳರಿಯದ ಪದಗಳು ಬಂದರೆ ಕ್ಷಮಿಸಿ. ನಿಮ್ಮ ಕಾಲದ ಕನ್ನಡವನ್ನು ನಾನು ಶಾಲೆಯಲ್ಲಿ ಕಲಿತದ್ದು, ಅದರಲ್ಲೂ ಹೇಗೋ ದಡ ಸೇರಿದವಳು.

ಇದು ಹಿಂದೋಲೆ, ಅಂದರೆ ಹಿಂದಿನ ಕಾಲದವರಿಗೆ ಬರೆಯುವ ಕಾಗದ. ನರಗಳ ಆಸ್ಪತ್ರೆಗೆ ನಾವು ನರಮನೆ ಎನ್ನುತ್ತೇವೆ. ಅಲ್ಲಿ ಜೋಮುಕಟ್ಟು ಮಾಡಿಸಿಕೊಳ್ಳುವವರೆಲ್ಲ ಮೊದಲು ಒಂದು ಹಿಂದೋಲೆ ಬರೆಯಬೇಕೆಂಬುದು ಪದ್ಧತಿ. ಅದನ್ನು ಅದೇ ನೋವಿದ್ದ ಹಿಂದಿನವರೊಬ್ಬರಿಗೆ ತಲುಪಿಸುತ್ತಾರೆ. ಹೇಗೆಂದು ನನ್ನನ್ನು ಕೇಳಬೇಡಿ. ನಿಮ್ಮ ಫೋನಿನೊಳಗೆ ಮಾತು ಹೇಗೆ ಬಂತೆಂದು ನೀವೂ ಹೇಳಲಾರಿರಿ. ಜೋಮುಕಟ್ಟು ಎಂದರೆ ಮುಖದ ನೋವಿನ ನರವನ್ನು ಕಾಯಂ ಆಗಿ ಕಟ್ಟಿ ಮಲಗಿಸುವುದು. ಆಮೇಲೆ ಆ ಕಡೆ ನೋವಿಲ್ಲ. ನೀರು ಬಿದ್ದರೂ ಗೊತ್ತಾಗುವುದಿಲ್ಲ, ನೊಣ ಕೂತರೂ ಗೊತ್ತಾಗುವುದಿಲ್ಲ, ಯಾರು ಮುಟ್ಟಿದರೂ ಗೊತ್ತಾಗುವುದಿಲ್ಲ. ಕಟ್ಟಿದ್ದನ್ನು ಬಿಚ್ಚುವುದು ಇನ್ನೂ ಯಾರಿಗೂ ಬಂದಿಲ್ಲ. ಇವತ್ತು ನನ್ನ ಸರದಿ. ನರಮನೆಯ ಬೆಂಚಿನ ಮೇಲೆ ಕೂತು ಬರೆಯುತ್ತಿದ್ದೇನೆ, ಪಕ್ಕದಲ್ಲಿ ನನ್ನ ಮಗಳು ಕೆಂಚವ್ವ ತೂಕಡಿಸುತ್ತಿದ್ದಾಳೆ. ನಿಮ್ಮ ಕಾಲದಲ್ಲಿ ಹುಡುಗಿಯರು ಈ ಹೆಸರಿಗೆ ನಾಚಿಕೊಳ್ಳುತ್ತಿದ್ದರಂತೆ. ಈಗ ಇದೇ ಫ್ಯಾಶನ್ನು, ತರಗತಿಗೆ ಇಬ್ಬರು ಮೂವರು ಕೆಂಚವ್ವಂದಿರಿರುತ್ತಾರೆ.

ನಮ್ಮ ಊರು ನಿಮ್ಮ ಕಸದಿಂದ ಕಟ್ಟಿದ್ದು. ನೀವು ಗುಡ್ಡಗಳ ಮೇಲೆ ನಿಲ್ಲಿಸಿದ ಗಾಳಿಯಂತ್ರಗಳ ರೆಕ್ಕೆಗಳು ಹಳತಾದ ಮೇಲೆ ಕರಗಲಿಲ್ಲ, ಕೊಳೆಯಲಿಲ್ಲ, ರಾಶಿರಾಶಿಯಾಗಿ ಬಿದ್ದಿದ್ದವು. ನಮ್ಮ ಹಿರಿಯರು ಅವನ್ನು ಉದ್ದಕ್ಕೆ ಸೀಳಿ ಬೋರಲು ಹಾಕಿ ಮನೆ ಮಾಡಿಕೊಂಡರು. ಅವೇ ರೆಕ್ಕೆಮನೆಗಳು. ಒಳಗೆ ತಂಪು, ಆದರೆ ಗೋಡೆಗೆ ಮೊಳೆ ಹೊಡೆಯಲಾಗುವುದಿಲ್ಲ, ದೇವರ ಪಟವನ್ನು ಅಂಟಿನಿಂದ ಅಂಟಿಸಬೇಕು. ಪ್ರತಿ ಮನೆಯ ಮುಂದೆ ಗಾಳಿಗೂಡು ಎಂಬ ಪುಟ್ಟ ಕೋಣೆ ಇರುತ್ತದೆ. ಹೊರಬಾಗಿಲು ಹಾಕಿಕೊಂಡ ಮೇಲೆ ಒಳಬಾಗಿಲು ತೆಗೆಯಬೇಕು. ಎರಡನ್ನೂ ಒಟ್ಟಿಗೆ ತೆರೆದವರಿಗೆ ಒಲೆಯ ಬೂದಿಯೆಲ್ಲ ಪಾಯಸದಲ್ಲಿ ಸಿಗುತ್ತದೆ. ನಾನು ಈ ಊರಿನ ಗಾಳಿವಾರ್ತೆ ಓದುತ್ತಿದ್ದವಳು. ಯಾವ ಹೊತ್ತಿಗೆ ಎಷ್ಟು ಗಾಳಿ, ಯಾರು ಕಂಬ ಹತ್ತಬಹುದು, ಯಾರು ಬಟ್ಟೆ ಒಣಹಾಕಬಹುದು ಎಂದು ಬೆಳಿಗ್ಗೆ ಸಂಜೆ ಊರಿಗೆಲ್ಲ ಕೇಳುವಂತೆ ಹೇಳುವುದು ನನ್ನ ಕೆಲಸವಾಗಿತ್ತು. ಮಾತೇ ನನ್ನ ಅನ್ನ.

ನೋವು ಮೊದಲು ಬಂದದ್ದು ಹಲ್ಲುಜ್ಜುವಾಗ. ಎಡಗಡೆ ಕಿವಿಯ ಮುಂದಿನಿಂದ ತುಟಿಯ ಅಂಚಿನ ತನಕ ಕರೆಂಟು ಹೊಡೆದಂತಾಯಿತು. ಬ್ರಷ್ಷು ಕೈಯಿಂದ ಬಿತ್ತು. ಹಲ್ಲಿನ ಡಾಕ್ಟರು ಒಂದು ಹಲ್ಲು ಕಿತ್ತರು. ನೋವು ಹೋಗಲಿಲ್ಲವೆಂದು ಪಕ್ಕದ್ದನ್ನೂ ಕಿತ್ತರು. ಎರಡೂ ಗಟ್ಟಿ ಹಲ್ಲುಗಳು. ಇಷ್ಟು ತಲೆಮಾರು ಕಳೆದರೂ ಈ ಕಾಯಿಲೆಗೆ ಮೊದಲು ಬಲಿಯಾಗುವುದು ಹಲ್ಲೇ ಎಂದು ತಿಳಿದರೆ ನಿಮಗೆ ನಗು ಬರಬಹುದು, ನಗುವುದಕ್ಕೆ ನಿಮ್ಮ ಮುಖ ಒಪ್ಪಿದರೆ. ಆಮೇಲೆ ಗಾಳಿ ತಾಗಿದರೆ ಬಂತು, ನೀರು ತಾಗಿದರೆ ಬಂತು, ಅಗಿದರೆ ಬಂತು, ಮಾತಾಡಿದರೆ ಬಂತು. ಗಾಳಿವಾರ್ತೆ ಬೇರೆಯವರ ಪಾಲಾಯಿತು. ನಾನು ರಾಗಿಮುದ್ದೆಗೆ ಅಂಟಿಕೊಂಡೆ. ಅಗಿಯದೆ ನುಂಗುವ ಊಟ ಕಂಡುಹಿಡಿದ ಪುಣ್ಯಾತ್ಮರಿಗೆ ನಾನು ದಿನಾ ಕೈಮುಗಿಯುತ್ತೇನೆ.

ನರಮನೆಯವರು ಗುಳಿಗೆ ಕೊಟ್ಟರು. ಊರಿನಲ್ಲಿ ಅದಕ್ಕೆ ಮಂಕುಗುಳಿಗೆ ಎಂದೇ ಹೆಸರು. ನೋವು ಅರ್ಧಕ್ಕಿಳಿಯಿತು, ನಾನೂ ಅರ್ಧಕ್ಕಿಳಿದೆ. ಚಮಚಕ್ಕೆ ಏನೆನ್ನುತ್ತಾರೆಂದು ಅಡುಗೆಮನೆಯಲ್ಲಿ ನಿಂತು ಯೋಚಿಸುತ್ತಿದ್ದೆ. ಕೆಂಚವ್ವನ ಮದುವೆ ಗೊತ್ತಾದ ದಿನ ಮನೆಯವರೆಲ್ಲ ಕಣ್ಣು ಒರೆಸಿಕೊಂಡರು, ನಾನು ಕಾಫಿ ಲೋಟಗಳನ್ನು ತೊಳೆದು ಬೋರಲು ಹಾಕಿದೆ. ಬೇಸರವಾಗಲಿಲ್ಲ, ಸಂತೋಷವೂ ಆಗಲಿಲ್ಲ. ಈಗಲೂ ಹಾಗೆಯೇ ಇದ್ದೇನೆ. ಈ ಕಾಗದ ನಿಮಗೆ ಸಪ್ಪೆಯೆನಿಸಿದರೆ ಅದಕ್ಕೆ ಕಾರಣ ಇದೇ.

ಸೂಜಿ ಡಾಕ್ಟ್ರಮ್ಮನ ಬಳಿಗೆ ನನ್ನನ್ನು ಕರೆದುಕೊಂಡು ಹೋದದ್ದು ನನ್ನ ಅತ್ತೆ ರುದ್ರಾಣಮ್ಮ. ಡಾಕ್ಟ್ರಮ್ಮನ ಹೆಸರು ಷುಫೆನ್. ಅವರ ಹಿರಿಯರು ಗಾಳಿಯಂತ್ರಗಳನ್ನು ಎತ್ತಿ ನಿಲ್ಲಿಸಲು ಚೀನಾದಿಂದ ಬಂದು ಇಲ್ಲಿಯೇ ಉಳಿದವರು. ಚೀನಾದ ಹಳೆಯ ವೈದ್ಯ ಅವರಲ್ಲಿ ತಾಯಿಯಿಂದ ಮಗಳಿಗೆ ಬಂದಿದೆ. ಕನ್ನಡ ಮಾತ್ರ ನಮ್ಮೆಲ್ಲರಿಗಿಂತ ಗಟ್ಟಿ ದುರ್ಗದ ಕನ್ನಡ. ನಾಲಿಗೆ ಚಾಚಿಸಿ ನೋಡಿದರು, ಎರಡೂ ಮಣಿಕಟ್ಟಿಗೆ ಮೂರು ಬೆರಳಿಟ್ಟು ನಾಡಿ ನೋಡಿದರು. ಕೊನೆಗೆ, ಮುಖದೊಳಗೆ ಗಾಳಿ ಹೊಕ್ಕಿದೆ ಎಂದರು. ಅವರ ವೈದ್ಯದಲ್ಲಿ ಈ ನೋವಿಗೆ ಅದೇ ಕಾರಣವಂತೆ. ಗಾಳಿವಾರ್ತೆ ಓದುವವಳ ಮುಖಕ್ಕೇ ಗಾಳಿ ಹೊಕ್ಕಿತೇ ಎಂದು ನನಗೆ ಒಳಗೊಳಗೇ ನಗು ಬಂತು. ಆದರೂ ನಂಬಿದೆ. ನರಮನೆಯವರು ನರದ ಚಿತ್ರ ತೋರಿಸಿದ್ದರು, ಡಾಕ್ಟ್ರಮ್ಮ ನನಗೆ ಅರ್ಥವಾಗುವ ಒಂದು ಮಾತು ಹೇಳಿದ್ದರು.

ಮುಖಕ್ಕೆ ಚುಚ್ಚುತ್ತಾರೆಂದು ಹೆದರಿದ್ದೆ. ಅವರು ಚುಚ್ಚಿದ್ದು ಕೈಗೆ, ಹೆಬ್ಬೆರಳು ತೋರುಬೆರಳಿನ ನಡುವಿನ ಮಾಂಸಕ್ಕೆ, ಮತ್ತೆ ಪಾದಕ್ಕೆ. ಕೂದಲಿನಷ್ಟು ಸಣ್ಣ ಸೂಜಿ. ಚುಚ್ಚಿದ ಕಡೆ ನೋವಿಲ್ಲ, ಒಂದು ಭಾರ ಅಷ್ಟೇ. ಆಮೇಲೆ ಒಣಗಿದ ಎಲೆಯ ಬತ್ತಿ ಹೊತ್ತಿಸಿ ಮೊಣಕಾಲಿನ ಕೆಳಗೆ ಶಾಖ ಕೊಡುತ್ತಿದ್ದರು. ಆ ಹೊಗೆ ಎಲ್ಲೋ ಪರಿಚಿತ ಅನ್ನಿಸಿ ಕೇಳಿದೆ. ಗೌರಿಗೆ ಏರಿಸುವ ನಮ್ಮ ಮಾಚಿಪತ್ರೆಯ ಜಾತಿಯದೇ ಗಿಡವಂತೆ. ಕುಡಿಯಲು ಬೇರುಗಳ ಕಷಾಯ. ಅದು ಕುದಿಯುವಾಗ ಅಕ್ಕಪಕ್ಕದ ರೆಕ್ಕೆಮನೆಯವರು ಬಂದು ಏನು ಸತ್ತಿದೆ ಎಂದು ವಿಚಾರಿಸಿಕೊಂಡು ಹೋಗುತ್ತಿದ್ದರು. ಕೊನೆಯದು ಪುಡಿ. ಹುರಿದ ಚೇಳಿನ ಪುಡಿಯೆಂದು ಡಾಕ್ಟ್ರಮ್ಮ ಮುಚ್ಚುಮರೆಯಿಲ್ಲದೆ ಹೇಳಿದರು. ನಮ್ಮದು ಮೊಟ್ಟೆಯನ್ನೂ ಒಳಗೆ ತರದ ಮನೆ. ಎರಡು ದಿನ ಚರ್ಚೆ ನಡೆಯಿತು. ಅತ್ತೆ ತೀರ್ಪು ಕೊಟ್ಟರು: ಚೇಳು ಮಾಂಸವಲ್ಲ, ವಿಷ. ವಿಷ ತಿನ್ನಬಾರದೆಂದು ಯಾರೂ ವ್ರತ ಹಿಡಿದಿಲ್ಲ. ತಾವೇ ಜೇನಿನಲ್ಲಿ ಕಲೆಸಿ ನನ್ನ ಬಾಯಿಗಿಟ್ಟು, ಬಟ್ಟಲನ್ನು ಮಾತ್ರ ಗಾಳಿಗೂಡಿನಲ್ಲಿ ಬೇರೆ ಇಟ್ಟರು.

ಗುಣವಾಯಿತು ಎಂದು ಬರೆಯಲಾರೆ. ಆ ವೈದ್ಯವೇ ಸುಳ್ಳು ಎಂದೂ ಬರೆಯಲಾರೆ. ಮೊದಮೊದಲು ಏನೂ ಆಗಲಿಲ್ಲ. ಆಮೇಲೆ ಹೊಡೆತಗಳು ಕಡಿಮೆಯಾದವು. ಒಂದು ಬೇಸಿಗೆಯಲ್ಲಿ ಎಡಗಡೆಯಿಂದಲೇ ಜೋಳದ ರೊಟ್ಟಿ ಅಗಿದು ತಿಂದೆ, ತಿಂದೆನೆಂದು ಊರಿಗೆಲ್ಲ ಹೇಳಿದೆ. ಆಷಾಢ ಬಂತು, ಎಲ್ಲ ಮೊದಲಿನಂತೆಯೇ ಆಯಿತು. ಡಾಕ್ಟ್ರಮ್ಮ ಬಣ್ಣ ಕಟ್ಟಲಿಲ್ಲ. ನರಮನೆಯ ಗುಳಿಗೆ ಬಿಡಬೇಡ ಎಂದು ಮೊದಲಿನಿಂದಲೂ ಹೇಳಿದವರು ಅವರೇ. ಒಂದು ದಿನ ಸೂಜಿ ತೆಗೆಯುತ್ತಾ ಅಂದರು, "ನನ್ನ ಕೈಲಿ ತಗ್ಗಿಸೋಕಾಗ್ತೈತೆ ಕಣಮ್ಮ. ಕಿತ್ತಾಕೋಕಾಗಲ್ಲ."

ನರಮನೆಯವರು ಜೋಮುಕಟ್ಟಿಗೆ ದಿನ ಕೊಟ್ಟರು. ಅದು ಮದುವೆಗೆ ಕೆಲವು ತಿಂಗಳು ಮೊದಲು ಬಿತ್ತು. ಇಲ್ಲಿ ನಮ್ಮ ಊರಿನ ಒಂದು ಶಾಸ್ತ್ರ ಹೇಳಬೇಕು. ಮದುಮಗಳಿಗೆ ತಾಯಿ ಮತ್ತು ಮುತ್ತೈದೆಯರು ಅರಿಶಿನ ಹಚ್ಚುವುದು ನಿಮ್ಮಲ್ಲೂ ಇತ್ತು. ನಮ್ಮಲ್ಲಿ ಅದಾದ ಮೇಲೆ ಮಗಳು ತಿರುಗಿ ಕೂತು ತಾಯಿಯ ಎರಡೂ ಕೆನ್ನೆಗೆ ತನ್ನ ಕೈಯಾರೆ ಅರಿಶಿನ ಹಚ್ಚುತ್ತಾಳೆ. ಅದಕ್ಕೆ ತಿರುಗರಿಶಿನ ಎಂದು ಹೆಸರು. ಇಷ್ಟು ದಿನ ನೀನು ಹಚ್ಚಿದ್ದು ಸಾಕು, ಇನ್ನು ನಾನು ಹಚ್ಚುತ್ತೇನೆ ಎಂದು ಅರ್ಥವಂತೆ. ಅದು ಒಂದೇ ಸಲ ಸಿಗುವುದು. ಕೆಂಚವ್ವ ಮದುವೆಗೆ ಮೊದಲೇ ಕಟ್ಟಿಸಿಕೋ ಎಂದಳು, ಹಾಗಾದರೆ ಹೆದರದೆ ಹಚ್ಚಬಹುದು ಎಂದಳು. ನಾನು ಮದುವೆಯ ನಂತರ ಎಂದೆ. ಅವಳು ರೇಗಿದಳು. ನೋವು ತಿನ್ನುತ್ತಾ ನಿಂತ ಅಮ್ಮನನ್ನು ನೋಡಿಕೊಂಡು ತಾನು ಹಸೆಗೆ ಕೂರಬೇಕೇ ಎಂದು ಕೇಳಿದಳು. ಅವಳ ಕೈ ನನ್ನ ಕೆನ್ನೆಗೆ ಗೊತ್ತಾಗಬೇಕು ಎಂಬ ಒಂದೇ ಕಾರಣ ನನಗಿತ್ತು. ಹೇಳಿಕೊಳ್ಳಲು ಅದು ಬಹಳ ಚಿಕ್ಕದಾಗಿ ಕಂಡಿತು. ನನ್ನ ಸರದಿಯನ್ನು ಬೇರೆ ಯಾರಿಗೋ ಬಿಟ್ಟುಕೊಟ್ಟು ಆ ತಿಂಗಳುಗಳನ್ನು ನೋವಿನಲ್ಲೇ ಕಳೆದೆ.

ಮದುವೆಯ ಬೆಳಿಗ್ಗೆ ಡಾಕ್ಟ್ರಮ್ಮ ಮನೆಗೇ ಬಂದರು. ಕೈಗೆ, ಪಾದಕ್ಕೆ, ಆ ದಿನ ಮೊದಲ ಬಾರಿಗೆ ಕಿವಿಯ ಮುಂದೆಯೂ ಸೂಜಿ ಇಟ್ಟರು. ಅವರು ಹೋದ ಮೇಲೆ ಬಚ್ಚಲಿಗೆ ಹೋಗಿ ತಣ್ಣೀರನ್ನು ಮುಖಕ್ಕೆ ಎರಚಿಕೊಂಡೆ. ನೋವು ಬರಲಿಲ್ಲ. ಅಂಗೈಯಿಂದ ಎಡಗೆನ್ನೆ ಉಜ್ಜಿಕೊಂಡೆ. ಬರಲಿಲ್ಲ. ಹಸೆಯಲ್ಲಿ ಕೆಂಚವ್ವ ನನ್ನ ಕಡೆ ತಿರುಗಿದಳು. ಬಲಗೆನ್ನೆಗೆ ತುಂಬಾ ಅರಿಶಿನ ಬಳಿದಳು. ಎಡಗಡೆಗೆ ಕೈ ತಂದವಳು ಅರ್ಧದಲ್ಲಿ ನಿಲ್ಲಿಸಿ, ಆ ಅರಿಶಿನವನ್ನು ನನ್ನ ಎಡಗೈಗೆ ಹಚ್ಚಿದಳು. ಅಮ್ಮನಿಗೆ ನೋವಾಗಬಾರದೆಂದು ಅವಳು ಮದುವೆ ಮಾಡಿಸುವ ಅಯ್ಯನವರನ್ನು ಮೊದಲೇ ಕೇಳಿ, ಕೈಗೆ ಹಚ್ಚಿದರೂ ನಡೆಯುತ್ತದೆ ಎಂದು ಒಪ್ಪಿಸಿದ್ದಳಂತೆ. ಎಂಥ ಮಗಳನ್ನು ಹೆತ್ತಿದ್ದೀ ಎಂದು ಬಂದವರೆಲ್ಲ ಹೊಗಳಿದರು. ನಾನೂ ಹೌದೆಂದು ತಲೆಯಾಡಿಸಿದೆ. ವಾಲಗ ಜೋರಾಗಿತ್ತು, ಮುಹೂರ್ತಕ್ಕೆ ಹೊತ್ತಾಗುತ್ತಿತ್ತು, ಮುಂದಿನ ಶಾಸ್ತ್ರಕ್ಕೆ ಕರೆದರು. ಸೂಜಿ ಆ ದಿನ ಕೆಲಸ ಮಾಡಿತ್ತೆಂಬುದು ನನಗೊಬ್ಬಳಿಗೇ ಗೊತ್ತಿತ್ತು. ಪಂಕ್ತಿಯಲ್ಲಿ ಕೂತು ಹೋಳಿಗೆ ತಿಂದೆ.

ಆಷಾಢಕ್ಕೆ ಅವಳು ಎಲ್ಲ ಹೊಸ ಸೊಸೆಯರಂತೆ ತವರಿಗೆ ಬಂದಿದ್ದಾಳೆ. ಗಾಳಿಯ ಜೊತೆ ನನ್ನ ನೋವೂ ಪೂರ್ತಿಯಾಗಿ ಬಂದಿದೆ. ಈಗ ಸೂಜಿಗೂ ಅದು ಬಗ್ಗುತ್ತಿಲ್ಲ. ಒಳಗಿನಿಂದ ನನಗಿಂತ ಮೊದಲಿನವರ ಹೆಸರು ಕೂಗಿದರು. ಕಾಗದ ಇಷ್ಟಕ್ಕೆ ನಿಲ್ಲಿಸುತ್ತೇನೆ.

ಮುಂದಿನದು ಜೋಮುಕಟ್ಟು ಆದ ಮೇಲೆ ಬರೆಯುತ್ತಿರುವುದು. ಅಕ್ಷರ ಸೊಟ್ಟಗಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ಕಾಗದ ಮಡಚಿದ ಮೇಲೆ ನಾನು ಕೆಂಚವ್ವನನ್ನು ಎಬ್ಬಿಸಿದೆ. ಮದುವೆಯ ದಿನ ನನಗೆ ನೋವಿರಲಿಲ್ಲ, ನೀನು ಹಚ್ಚಬಹುದಿತ್ತು ಎಂದು ಹೇಳಿದೆ. ಅವಳಿಗೆ ತಕ್ಷಣ ಅರ್ಥವಾಗಲಿಲ್ಲ. ಅರ್ಥವಾದಾಗ ಮುಖ ಬೇರೆ ಕಡೆ ತಿರುಗಿಸಿದಳು.

"ಕೆಂಚಿ, ಈ ಕಡೆ ಕೈ ಇಡು" ಎಂದೆ.

"ಇವತ್ತು ನೋಯ್ತೈತಲ್ಲಮ್ಮ."

"ನೋಯ್ಲಿ. ಇಡು."

ಇಟ್ಟಳು. ನೋವು ಬಂತು, ಕಣ್ಣು ಕತ್ತಲೆಗಟ್ಟುವಷ್ಟು ಬಂತು. ಅವಳು ಕೈ ಹಿಂದೆಗೆಯಲು ನೋಡಿದಳು, ನಾನು ಮಣಿಕಟ್ಟು ಬಿಗಿಯಾಗಿ ಹಿಡಿದುಕೊಂಡೆ. ನೋವಿನ ಕೆಳಗೆ ಅಂಗೈ ಬೆಚ್ಚಗಿತ್ತು. ಹೊಸ ಬಳೆ ದವಡೆಗೆ ತಾಗುತ್ತಿತ್ತು. ಕಿರುಬೆರಳು ಚಿಕ್ಕಂದಿನಲ್ಲಿದ್ದ ಹಾಗೆಯೇ ಸ್ವಲ್ಪ ಒಳಕ್ಕೆ ಬಾಗಿತ್ತು, ಅದು ನನಗೆ ಕೆನ್ನೆಯಿಂದ ಗೊತ್ತಾಯಿತು. ಅವಳು ಅತ್ತಳು. ನನ್ನ ಕಣ್ಣಲ್ಲೂ ನೀರು ಬಂತು, ಬಹಳ ವರ್ಷಗಳ ಮೇಲೆ. ನೋವಿಗೆ ಬಂತೋ ಬೇರೆಯದಕ್ಕೆ ಬಂತೋ ನನಗೆ ತಿಳಿಯಲಿಲ್ಲ, ತಿಳಿಯಬೇಕೆಂದೂ ಅನ್ನಿಸಲಿಲ್ಲ. ಹೆಸರು ಕೂಗುವ ತನಕ ಹಾಗೆಯೇ ಕೂತಿದ್ದೆವು.

ಈಗ ನೋವಿಲ್ಲ. ನೀರು ಕುಡಿದರೆ ಎಡಗಡೆಯಿಂದ ಸುರಿಯುತ್ತದೆ, ರವಿಕೆ ಒದ್ದೆಯಾದ ಮೇಲೆ ತಿಳಿಯುತ್ತದೆ. ಸೂಜಿಯೋ ಕಷಾಯವೋ ಗುಳಿಗೆಯೋ ಕಟ್ಟೋ, ನಿಮಗೆ ಯಾವುದು ಸರಿ ಎಂದು ಹೇಳುವಷ್ಟು ನಾನು ತಿಳಿದವಳಲ್ಲ. ನಿಮ್ಮ ಡಾಕ್ಟರನ್ನು ಕೇಳಿ, ಅವರು ಹಲ್ಲಿಗೆ ಕೈ ಹಾಕಿದರೆ ಇನ್ನೊಬ್ಬರನ್ನೂ ಕೇಳಿ. ನನ್ನದು ಒಂದೇ ಬೇಡಿಕೆ. ನಿಮ್ಮವರು ನಿಮಗೆ ನೋವಾದೀತೆಂದು ಕೈಯನ್ನು ಅರ್ಧದಲ್ಲಿ ನಿಲ್ಲಿಸಿದಾಗ ತಲೆಯಾಡಿಸಿ ಸುಮ್ಮನಾಗಬೇಡಿ. ಬೇಕಿದ್ದರೆ ಬೇಕು ಎಂದು ಬಾಯಿಬಿಟ್ಟು ಹೇಳಿ. ಬಾಯಿಬಿಡುವುದೇ ನಮ್ಮಂಥವರಿಗೆ ಕಷ್ಟ ಎಂದು ಬಲ್ಲೆ, ಆದರೂ ಹೇಳಿ. ನಿಮ್ಮ ಕಾಲದ ಗಾಳಿ ನಿಮ್ಮ ಮುಖಕ್ಕೆ ಮೆತ್ತಗಿರಲಿ. ಇನ್ನು ನನಗೆ ಅಪ್ಪಣೆ ಕೊಡಿ.

ಕೆಂಚವ್ವ ಇನ್ನೂ ನನ್ನ ಎಡಗೆನ್ನೆಯ ಮೇಲೆ ಕೈ ಇಟ್ಟುಕೊಂಡೇ ಕೂತಿದ್ದಾಳಂತೆ. ಅವಳೇ ಹೇಳಿದಳು.