ಮೆಲ್ಲಗೆ ಎಳೆಯುವ ಪಂಪು

ಮಗಳೇ,

ನೀನು ಕೇಳಿದ ಎದೆಹಾಲಿನ ಪಂಪು ಈ ಡಬ್ಬದಲ್ಲಿದೆ. "ನಲವತ್ತು ವರ್ಷ ನೀರಿನ ಪಂಪು ರಿಪೇರಿ ಮಾಡಿದೋನು, ನೀನೇ ಆರಿಸಪ್ಪ" ಅಂದೆಯಲ್ಲ, ಆ ಮಾತನ್ನು ಬೀದಿಗೆಲ್ಲ ಡಂಗುರ ಸಾರಿದ್ದೇನೆ.

ಅಂಗಡಿಯಲ್ಲಿ ಎಲ್ಲಕ್ಕಿಂತ ಜೋರಾಗಿ ಎಳೆಯುವುದನ್ನೇ ಎತ್ತಿಕೊಂಡೆ. ಜೊತೆಗೆ ಬಂದಿದ್ದ ಪಕ್ಕದ ಮನೆಯ ನರ್ಸಮ್ಮ ತಡೆದರು. "ಯಜಮಾನ್ರೇ, ಇದೇನು ಬಾವಿನಾ? ಜೋರಾಗಿ ಎಳೆದ್ರೆ ನೋವು ಜಾಸ್ತಿ ಆಗುತ್ತೆ, ಹಾಲಲ್ಲ." ತೆಪ್ಪಗೆ ವಾಪಸಿಟ್ಟೆ. ಈಗ ಕಳಿಸಿರುವುದು ಮಗುವಿನ ಹಾಗೆ ಮೆಲ್ಲಗೆ ಎಳೆದು, ಬಿಟ್ಟು, ಮತ್ತೆ ಎಳೆಯುತ್ತದೆ. ಅಂಗೈ ಮೇಲಿಟ್ಟು ನೋಡಿದ್ದೇನೆ. ಬಿಚ್ಚಿ ತೊಳೆಯುವುದೂ ಸುಲಭ. ಎರಡು ವಾಲ್ವ್ ಹೆಚ್ಚಿಗೆ ಇಟ್ಟಿದ್ದೇನೆ. ಎದೆಗೆ ಹಿಡಿಯುವ ಆಲಿಕೆಯ ಅಳತೆ ಸರಿಹೋಗದಿದ್ದರೆ ಸಂಕೋಚಪಡದೆ ಹೇಳು, ಬದಲಿಸಿಕೊಡುತ್ತಾರೆ.

ನೀನು ಹುಟ್ಟಿದ ವರ್ಷ ನಿಮ್ಮಮ್ಮ ಗಿರಣಿ ಕೆಲಸದಿಂದ ದಿನಾ ಎದೆಯ ಬಟ್ಟೆ ಒದ್ದೆಯಾಗಿ ಬರುತ್ತಿದ್ದಳು. ಊರಿಗೆಲ್ಲ ನೀರೆತ್ತಿಕೊಟ್ಟ ನಾನು ಅದನ್ನು ಬೆವರು ಅಂದುಕೊಂಡಿದ್ದೆ.

ಸೋಮವಾರ ಹೆರಿಗೆ ರಜೆ ಮುಗಿಸಿ ನೀನು ಮತ್ತೆ ಕ್ರೇನ್ ಹತ್ತುತ್ತೀಯ. ಇದು ಚೀಲದಲ್ಲಿರಲಿ. ಮಧ್ಯಾಹ್ನ ಕೂರಲು ಒಂದು ಕೋಣೆ ಬೇಕೆಂದು ಮೇಸ್ತ್ರಿಯನ್ನು ಕೇಳು. ಬಾಗಿಲಿಗೆ ಒಳಗಿನ ಚಿಲಕ ಇಲ್ಲದಿದ್ದರೆ ತಿಳಿಸು. ಬಂದು ಹಾಕಿಕೊಡುತ್ತೇನೆ.

ಇಂತಿ,
ಕ್ರೇನ್ ಓಡಿಸುವವಳ ಅಪ್ಪ