ಗೋಧಿ ಹೊಲದ ಕಬ್ಬಿಣ

ಸೋಮವಾರ ಮಧ್ಯಾಹ್ನ
ಆಸ್ಪತ್ರೆಯ ವರಾಂಡದಿಂದ

ಮನೆ ಬಿಟ್ಟುಹೋದ ಮೇಸ್ತ್ರಿಯವರಿಗೆ, ಇನ್ನೂ ನಿಮ್ಮ ಹೆಂಡತಿಯೇ ಆಗಿರುವವಳು ಬರೆಯುವುದು.

ಕ್ಷೇಮ ಅಂತ ಬರೆಯಲು ಮನಸ್ಸು ಬರುತ್ತಿಲ್ಲ. ನಿಮ್ಮ ತಮ್ಮನ ಬಲಗೈ ಮಣಿಕಟ್ಟಿನಿಂದ ಮುಂದಕ್ಕೆ ಇಲ್ಲ. ಜೀವಕ್ಕೆ ಅಪಾಯವಿಲ್ಲ ಅಂತ ಡಾಕ್ಟರಮ್ಮ ಬೆಳಿಗ್ಗೆ ಹೇಳಿದರು. ಅಡಗಿ ಕೂತಲ್ಲಿ ನಿಮಗೆ ಯಾರು ಏನು ಕಥೆ ಕಟ್ಟಿ ಹೇಳಿದ್ದಾರೋ, ಅದಕ್ಕೇ ಇದನ್ನು ಮೊದಲು ಬರೆದೆ. ಕಾಗದವನ್ನು ನಿಮ್ಮ ಅಕ್ಕನ ಕೈಲಿ ಕಳಿಸುತ್ತಿದ್ದೇನೆ. ನೀವೆಲ್ಲಿದ್ದೀರೆಂದು ಅವರು ಬಾಯಿ ಬಿಟ್ಟಿಲ್ಲ. ಆದರೆ ಬುತ್ತಿ ಹೊತ್ತು ಯಾವ ದಾರಿ ಹಿಡಿಯುತ್ತಾರೆಂದು ನೋಡಲು ನನಗೂ ಕಣ್ಣಿವೆ.

ನಡೆದದ್ದನ್ನು ನನ್ನಿಂದಲೇ ಕೇಳಿ. ನೀವು ಮನೆ ಬಿಟ್ಟ ಮೇಲೆ ನಿಮ್ಮ ತಮ್ಮ ನಿಮ್ಮ ಕೊಯ್ಲಿನ ಗುಂಪು ಬಿಟ್ಟು ನನ್ನ ಮಿಷನ್ನಿಗೆ ಬಂದಿದ್ದ. ರೈತರ ಸಂಘದ ಕೊಯ್ಲು ಮಿಷನ್ ಓಡಿಸುವುದು ನಾನು, ಪಕ್ಕದ ಮೆಟ್ಟಿಲ ಮೇಲೆ ನಿಂತು ಮುಂದೆ ಕಲ್ಲುಗಿಲ್ಲು ಇದೆಯೇ ಅಂತ ನೋಡುವುದು ಅವನು. ಅಣ್ಣಂಗೆ ಗೊತ್ತಾದ್ರೆ ಸಿಗಿದು ಹಾಕ್ತಾನೆ, ಹೇಳ್ಬೇಡಿ ಅತ್ತಿಗೆ ಅಂತ ನನ್ನ ಬಾಯಿಯನ್ನೂ ಕಟ್ಟಿಹಾಕಿದ್ದ.

ಶನಿವಾರ ದೊಡ್ಡ ಹೊಲಕ್ಕೆ ಇಳಿದೆವು. ಸ್ವಲ್ಪ ದೂರ ಹೋಗುವಷ್ಟರಲ್ಲಿ ಅವನು ಏನೋ ಕೂಗಿದನಂತೆ. ಇಂಜಿನ್ನಿನ ಸದ್ದಿಗೆ ನನಗೆ ಕೇಳಿಸಲಿಲ್ಲ. ನೋಡನೋಡುತ್ತಿದ್ದಂತೆ ಕೆಳಕ್ಕೆ ಹಾರಿ, ಮುಂದೆ ಓಡಿ, ಪೈರಿನೊಳಗೆ ಕೈ ಹಾಕಿದ. ಬ್ರೇಕು ತುಳಿದೆ. ಮಿಷನ್ ನಿಂತಿತು, ಆದರೆ ಬ್ಲೇಡಿಗೆ ಅಷ್ಟೇ ಹೊತ್ತು ಸಾಕಾಗಿತ್ತು. ರಕ್ತ ಬಂದು ಮುಂದಿನ ಗಾಜಿಗೆ ಬಡಿಯಿತು. ನಾನು ವೈಪರ್ ಹಾಕಿದೆ ರೀ! ಮಳೆ ಬಂದಾಗ ಹಾಕುವ ಹಾಗೆ ಕೈ ತಾನಾಗಿ ಹೋಯಿತು. ಗಾಜು ಒರೆಸಿಕೊಂಡ ಮೇಲೆ ಅವನು ಕಂಡ.

ಅವನು ಕೀಳಲು ಹೋಗಿದ್ದು ನೆಲದಲ್ಲಿ ಹೂತಿಟ್ಟ ಕಬ್ಬಿಣದ ಸರಳು. ಅದರ ಪಕ್ಕದಲ್ಲಿ ಒಂದು ಹಿಡಿ ಪೈರಿಗೆ ಗಂಟು ಹಾಕಿತ್ತು. ಕೊಯ್ಯುವಾಗ ಕಲ್ಲು ಸಿಕ್ಕರೆ, ಹಿಂದೆ ಬರುವವರ ಕುಡುಗೋಲು ಜಾರಿ ಕೈ ಕೊಯ್ಯದಿರಲಿ ಅಂತ ನಿಮ್ಮ ಗುಂಪಿನವರು ಹಾಕುವ ಗಂಟು. ಅದರಲ್ಲೂ ಎಡಚರಾದ ನೀವು ಹಾಕುವ, ಉಲ್ಟಾ ಸುತ್ತಿದ ಗಂಟು. ಮಿಷನ್ ಮುರಿಯಲೆಂದು ಸರಳು ನೆಟ್ಟವರು, ಯಾರಾದರೂ ಆಳಿಗೆ ಪೆಟ್ಟಾದೀತೆಂದು ಗುರುತನ್ನೂ ಹಾಕಿ ಹೋಗಿದ್ದೀರಿ! ಹಾಳು ಕೆಲಸವನ್ನು ಇಷ್ಟು ಅಚ್ಚುಕಟ್ಟಾಗಿ ಮಾಡುವವರು ಇನ್ನೊಬ್ಬರಿಲ್ಲ. ನಿಮ್ಮ ತಮ್ಮ ಆ ಗಂಟು ನೋಡಿದ, ಇದು ಅಣ್ಣನದೆಂದು ಗುರುತು ಹಿಡಿದ, ಬೇರೆಯವರ ಕಣ್ಣಿಗೆ ಬೀಳುವ ಮೊದಲೇ ಸರಳು ಕಿತ್ತು ಬಿಸಾಡಲು ಹಾರಿದ. ನನ್ನ ಅಂಗಿಯ ತೋಳು ಹರಿದು ಅವನ ಕೈ ಕಟ್ಟುವಾಗ ಅವನು ಹೇಳಿದ್ದು ಒಂದೇ ಮಾತು. ಗಂಟು ಬಿಚ್ಬಿಡಿ ಅತ್ತಿಗೆ, ಪೊಲೀಸ್ರು ಬರ್ತಾರೆ ಅಂತ. ಬಿಚ್ಚಿದೆ. ಬೆರಳೆಲ್ಲ ಜಾರುತ್ತಿದ್ದವು.

ಅವನನ್ನು ಆಸ್ಪತ್ರೆಗೆ ಸೇರಿಸಿ, ಅದೇ ಸರಳು ಹಿಡಿದುಕೊಂಡು ನಿಮ್ಮ ಗುಂಪಿನ ಶೆಡ್ಡಿಗೆ ಹೋದೆ. ಸಿಕ್ಕಿದ್ದರೆ ನಿಮ್ಮ ತಲೆಯನ್ನೇ ಒಡೆಯುತ್ತಿದ್ದೆ. ನೀವು ಆಗಲೇ ಕಾಲಿಗೆ ಬುದ್ಧಿ ಹೇಳಿದ್ದಿರಿ. ಬಾಗಿಲಲ್ಲಿ ನಿಮ್ಮ ಮುದ್ದಿನ ಹಲ್ಲುಬ್ಬ ನಿಂತಿದ್ದ. ಮಿಷನ್ ಕೆಟ್ಟೋಯ್ತಂತೆ, ಪಾಪ ಅಂತ ನಕ್ಕ. ಬಾಯಿಗೇ ಬಾರಿಸಿದೆ. ಇನ್ನು ಆ ಅಡ್ಡಹೆಸರು ಅವನಿಗೆ ಒಪ್ಪುವುದಿಲ್ಲ. ಉಳಿದವರು ನನ್ನ ಕೂದಲು ಹಿಡಿದು ಅಂಗಳಕ್ಕೆ ಎಳೆದು ಒದ್ದರು. ಕೈ ಹೋದದ್ದು ಯಾರದೆಂದು ಕಿರುಚಿ ಹೇಳಿದ ಮೇಲೆ ಒದೆ ನಿಂತಿತು. ಹಲ್ಲುಬ್ಬ ರಕ್ತ ಉಗುಳುತ್ತಾ ಗೊಳೋ ಅಂತ ಅತ್ತ. ನನ್ನ ಪಕ್ಕೆಲುಬು ಬಿರುಕು ಬಿಟ್ಟಿದೆ, ಉಸಿರು ಎಳೆದರೆ ಚುಚ್ಚುತ್ತದೆ.

ನಿಮ್ಮ ಸಿಟ್ಟು ನನಗೆ ಅರ್ಥವಾಗದ್ದಲ್ಲ. ಕೊಯ್ಲಿನ ಕೂಲಿಯಲ್ಲೇ ವರ್ಷ ತಳ್ಳುವ ಮನೆಗಳು ಯಾವುವೆಂದು ಗೊತ್ತು; ನಾನೂ ನಿಮ್ಮ ಸಾಲಿನಲ್ಲಿ ಬಗ್ಗಿ ಕೊಯ್ದವಳು. ಆದರೆ ಆಲಿಕಲ್ಲು ಬಿದ್ದ ವರ್ಷವನ್ನು ಮರೆತಿರಾ? ಆಳು ಸಾಲದೆ ಪೈರು ನಿಂತಲ್ಲೇ ಕೊಳೆಯಿತು. ಗಿರಣಿ ಬಾಗಿಲು ಹಾಕಿತು, ಲಾರಿಯವರು ಇಸ್ಪೀಟಾಡುತ್ತಾ ಕೂತರು, ಬಟ್ಟೆ ಅಂಗಡಿಯವನು ಗಂಟುಮೂಟೆ ಕಟ್ಟಿದ. ಹೊಲ ಮಲಗಿದರೆ ಇಡೀ ಊರೇ ಮಲಗುತ್ತದೆ. ಮಿಷನ್ ಬರಲಿ, ಅದರ ಕೆಲಸವನ್ನು ಆಳುಗಳಿಗೂ ಕಲಿಸೋಣ ಅಂದದ್ದಕ್ಕೆ ತಾನೇ ನೀವು ನನ್ನ ಕೆನ್ನೆಗೆ ಹೊಡೆದದ್ದು, ನಾನು ಸ್ಪ್ಯಾನರಿನಿಂದ ನಿಮ್ಮ ಹಣೆ ಒಡೆದದ್ದು? ಆ ಜಗಳ ನಮ್ಮಿಬ್ಬರದು. ಅದರೊಳಗೆ ಈ ಹುಡುಗನ ಕೈ ಯಾಕೆ ಬಂತು?

ಈಗ ಕೆಲಸದ ಮಾತು. ಬೇರೆ ಹೊಲಗಳಲ್ಲೂ ಸರಳು ನೆಟ್ಟಿದ್ದೀರೆಂದು ಹಲ್ಲುಬ್ಬ ಅಳುತ್ತಲೇ ಹೇಳಿದ. ನಿನ್ನೆಯ ಗಾಳಿಗೆ ಪೈರು ಒರಗಿ ನಿಮ್ಮ ಗಂಟುಗಳು ಒಂದೂ ಕಾಣುತ್ತಿಲ್ಲ. ಎಲ್ಲೆಲ್ಲಿ ನೆಟ್ಟಿದ್ದೆಂದು ಗೊತ್ತಿರುವುದು ನಿಮಗೊಬ್ಬರಿಗೇ. ಕಾಳು ಉದುರಲು ಶುರುವಾಗಿದೆ, ಬುಧವಾರ ಮಿಷನ್ ಇಳಿಸಲೇಬೇಕೆಂದು ಸಂಘದವರು ಹಟ ಹಿಡಿದಿದ್ದಾರೆ. ಬೇರೆ ಡ್ರೈವರ್ ಇಲ್ಲ, ಓಡಿಸುವುದು ನಾನೇ. ಅಷ್ಟರೊಳಗೆ ಬಂದು, ಮಿಷನ್ನಿನ ಮುಂದೆ ನಡೆದು, ನೆಟ್ಟದ್ದನ್ನೆಲ್ಲ ನೀವೇ ಕೀಳಬೇಕು. ಬರದಿದ್ದರೆ ಮುಂದಿನ ಸರಳು ಚೂರಾಗಿ ನನ್ನ ಎದೆಗೇ ಹಾರಲಿ, ನಿಮಗೂ ನೆಮ್ಮದಿ. ಪೊಲೀಸರಿಗೆ ನಿಮ್ಮ ಹೆಸರು ಹೇಳಿಲ್ಲ. ಅದನ್ನು ಪ್ರೀತಿ ಅಂದುಕೊಳ್ಳಬೇಡಿ. ನಿಮ್ಮ ತಮ್ಮನಿಗೆ ಮಾತು ಕೊಟ್ಟಿದ್ದೇನೆ, ಅಷ್ಟೇ.

ಇಷ್ಟು ಬೈದರೂ ಇನ್ನೂ ಬೈಗುಳ ಉಳಿಸಿಕೊಂಡಿರುವ
ನಿಮ್ಮ ಮನೆಯವಳು

ತಾ.ಕ.: ಕಾಗದ ಮಡಿಸುವಷ್ಟರಲ್ಲಿ ಇನ್‌ಸ್ಪೆಕ್ಟರ್ ವಾರ್ಡಿನಿಂದ ಹೊರಗೆ ಬಂದರು. ಎಲ್ಲಾ ಸರಳೂ ನಾನೇ ನೆಟ್ಟಿದ್ದು ಸಾರ್, ಅಣ್ಣಂಗೆ ಏನೂ ಗೊತ್ತಿಲ್ಲ ಅಂತ ನಿಮ್ಮ ತಮ್ಮ ಹೇಳಿಕೆ ಕೊಟ್ಟಿದ್ದಾನೆ. ಅವರು ನಂಬಿದ್ದಾರೆ. ಉಳಿದಿರುವ ಎಡಗೈಗೆ ಬೇಡಿ ಹಾಕಿ ಮಂಚಕ್ಕೆ ಬಿಗಿದಿದ್ದಾರೆ. ಬಾಯಾರಿದರೆ ಲೋಟ ಹಿಡಿಯಲು ಅವನಿಗೆ ಈಗ ಯಾವ ಕೈಯೂ ಇಲ್ಲ.